ಕ್ಯಾಪ್ಷನ್‌ನಲ್ಲಿ ಉಳಿದ ‘ಇತರರು’

ಹಳೆಯ ಫೋಟೋಗಳ ಪ್ರದರ್ಶನಕ್ಕೆ ಫಲಕ ಮುದ್ರಿಸುವ ಸನ್‌ಬೋರ್ಡ್ ಫೈಲ್ ಪ್ರೆಸ್ಸಿಗೆ ಹೋಗಲು ಇಪ್ಪತ್ತು ನಿಮಿಷ ಇತ್ತು. 1921ರ ಮಾರ್ಚ್, ಬ್ರಿಟನ್ ತನ್ನ ಹಿಡಿತದ ಅರಬ್ ನಾಡುಗಳ ಆಡಳಿತದ ಬಗ್ಗೆ ನಡೆಸಿದ ಕೈರೋ ಸಮ್ಮೇಳನದ ಹೊತ್ತಿನ ಫೋಟೋ. ಸ್ಫಿಂಕ್ಸ್ ಎದುರು ಒಂಟೆ ಏರಿದವರ ಸಾಲು. ನಾನು ಕೊಟ್ಟ ಕ್ಯಾಪ್ಷನ್: ‘ಚರ್ಚಿಲ್, ಲಾರೆನ್ಸ್ ಮತ್ತು ಇತರರು’. (‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದವರೇ ಈ ಲಾರೆನ್ಸ್.) “ಇವರಿಬ್ಬರ ನಡುವೆ ಇರೋ ಹೆಂಗಸು ಯಾರು ಸರ್?” ಎಂದು ಡಿಸೈನರ್ ಕೇಳಿದರು.

ಗರ್ಟ್ರೂಡ್ ಬೆಲ್, ಅರಬ್ ನಾಡುಗಳನ್ನು ಸುತ್ತಿದ ಬ್ರಿಟಿಷ್ ಪ್ರವಾಸಿ, ಅಧಿಕಾರಿ. ಹೆಸರು ಗೊತ್ತಿದ್ದೇ ಬಿಟ್ಟಿದ್ದೆ. ಟೆಂಪ್ಲೇಟ್‌ನಲ್ಲಿ ಮೇಲಿನವರು ಇಟ್ಟ ಅಕ್ಷರಮಿತಿಗೆ ಆಕೆಯನ್ನು ಕತ್ತರಿಸಿದ್ದೆ. ಆ ಮಿತಿ ತಪ್ಪು, ಕತ್ತರಿಸಿದ್ದು ಇನ್ನೂ ದೊಡ್ಡ ತಪ್ಪು.

1913ರ ಡಿಸೆಂಬರಿನಲ್ಲಿ ಡಮಾಸ್ಕಸ್ ಬಿಟ್ಟು, ಒಂಟೆಯ ಮೇಲೆ, ಥಿಯೋಡಲೈಟ್ ಎಂಬ ಸರ್ವೆ ಉಪಕರಣದ ಸಮೇತ ಮರುಭೂಮಿ ದಾಟಿ ಅರೇಬಿಯಾದ ನಡುವಿನ ಹಾಯಿಲ್ ಪಟ್ಟಣ ತಲುಪಿದವರು ಈಕೆ. ಯಾವ ಬುಡಕಟ್ಟು ಎಲ್ಲಿ ಮೇಯಿಸುತ್ತದೆ, ಯಾವ ಶೇಖನಿಗೆ ಯಾರ ಮೇಲೆ ಹಗೆ ಎಂಬ ಆ ತಿಳಿವಳಿಕೆಗಾಗಿಯೇ 1915ರ ಕೊನೆಗೆ ಕೈರೋದ ಬ್ರಿಟಿಷ್ ಗುಪ್ತಚರ ಕಚೇರಿ ಅವರನ್ನು ಕರೆಸಿಕೊಂಡಿತು. 1916ರಲ್ಲಿ ಅವರು ದೆಹಲಿಗೂ ಬಂದು ವೈಸ್‌ರಾಯ್ ಹಾರ್ಡಿಂಗ್ ಅವರನ್ನು ಕಂಡರು. ಆಮೇಲೆ ಬಸ್ರಾ, ಬಾಗ್ದಾದ್. ಅರಬ್ ರಾಜಕುಮಾರ ಫೈಸಲ್ ಇರಾಕಿನ ದೊರೆಯಾಗಲೆಂದು ಪಟ್ಟುಹಿಡಿದು ವಾದಿಸಿದವರಲ್ಲಿ ಅವರೂ ಒಬ್ಬರು. 1921ರ ಆಗಸ್ಟ್ 23ರಂದು ಪಟ್ಟಾಭಿಷೇಕವಾಯಿತು. ಅದೇ ಡಿಸೆಂಬರಿನ ಒಂದು ಬೆಳಿಗ್ಗೆ ಕಚೇರಿಯಲ್ಲಿ ಕೂತು ಇರಾಕಿನ ದಕ್ಷಿಣದ ಮರುಭೂಮಿ ಗಡಿ ಗುರುತಿಸುತ್ತಿದ್ದುದನ್ನು ಮನೆಗೆ ಪತ್ರದಲ್ಲಿ ಬರೆದಿದ್ದಾರೆ. ಆ ನೆಲದವರ ಒಪ್ಪಿಗೆ ಎಷ್ಟು ಕೇಳಿದರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಆದರೆ ಆ ಪ್ರಶ್ನೆ ಕೇಳಬೇಕಾದರೂ ಹೆಸರು ಬೇಕಲ್ಲ!

ದಾಖಲೆ ಸಂಗ್ರಹದ ಕ್ಯಾಟಲಾಗಿನಲ್ಲೂ ಇಂಥವರು ಹೀಗೇ ತಪ್ಪಿಹೋಗುತ್ತಾರೆ. ವಸಾಹತು ಕಡತದಲ್ಲಿ ಕವರಿಂಗ್ ಲೆಟರ್‌ಗೆ ಸಹಿ ಹಾಕುವವರು ದೊಡ್ಡ ಅಧಿಕಾರಿ; ಟಿಪ್ಪಣಿ ಬರೆದವರು ಲಗತ್ತಿನಲ್ಲಿ. ಮೊದಲ ಹಾಳೆ ನೋಡಿ ಕ್ರಿಯೇಟರ್ ಫೀಲ್ಡ್ (ದಾಖಲೆ ರಚಿಸಿದವರ ಹೆಸರಿನ ಜಾಗ) ತುಂಬಿದರೆ ಬಾಗ್ದಾದಿನ ಬ್ರಿಟಿಷ್ ಆಡಳಿತ ನಡೆಸಿದ ಪರ್ಸಿ ಕಾಕ್ಸ್, ಆರ್ನಾಲ್ಡ್ ವಿಲ್ಸನ್ ಮಾತ್ರ ಸಿಗುತ್ತಾರೆ. ಮೆಸೊಪೊಟೇಮಿಯಾದ (ಇಂದಿನ ಇರಾಕ್) ಆಡಳಿತದ ಬಗ್ಗೆ 1920ರಲ್ಲಿ ಬ್ರಿಟಿಷ್ ಸಂಸತ್ತಿಗೆ ಹೋದ ಶ್ವೇತಪತ್ರ ಬರೆದವರು ಬೆಲ್. ಅದು ಬಂದದ್ದು ವಿಲ್ಸನ್ ಕಚೇರಿಯಿಂದ.

ಹಾಗಾಗಿ ಲಗತ್ತುಗಳ ಕೊನೇ ಹಾಳೆಯವರೆಗೆ ತಿರುವಿ. ‘ಬೆಲ್’ ಅಂತ ಹುಡುಕಿ ನಿಲ್ಲಿಸಬೇಡಿ. ‘ಮಿಸ್ ಬೆಲ್’, ಅವರ ಹುದ್ದೆಯಾದ ‘ಓರಿಯಂಟಲ್ ಸೆಕ್ರೆಟರಿ’, ಅಲ್ಲಿನವರು ಅವರನ್ನು ಕರೆಯುತ್ತಿದ್ದ ‘ಖಾತೂನ್’, ಎಲ್ಲವನ್ನೂ ಒಂದೇ ಅಥಾರಿಟಿ ರೆಕಾರ್ಡ್‌ಗೆ (ಒಬ್ಬರ ಎಲ್ಲ ಹೆಸರುಗಳನ್ನು ಒಟ್ಟಿಗೆ ಇಡುವ ನಮೂದು) ಜೋಡಿಸಿ. ಸಹಿ ಮಾಡಿದವರಿಗೆ ಒಂದು ಫೀಲ್ಡ್, ಬರೆದವರಿಗೆ ಇನ್ನೊಂದು. ಫೋಟೋದಲ್ಲಿ ಮುಖ ಕಾಣುವವರ ಹೆಸರು ಹುಡುಕದೆ ‘ಇತರರು’ ಹಾಕಬೇಡಿ.

ಅಂದು ಪ್ರೆಸ್ಸಿಗೆ ಫೋನ್ ಮಾಡಿ ತಡೆದೆವು. ಫಾಂಟ್ ಎರಡು ಪಾಯಿಂಟ್ ಇಳಿಸಿದ ಮೇಲೆ ಮೂರೂ ಹೆಸರು ಒಂದೇ ಸಾಲಿನಲ್ಲಿ ಕೂತವು.