ಮಲ್ಪೆಯಿಂದ ಕೋಡಿ ಬೆಂಗ್ರೆಗೆ ಸೈಕಲ್ಲಿನಲ್ಲಿ: ಇಳಿತ ನೋಡಿ ಹೊರಡಿ

ಉಡುಪಿ ಹತ್ತಿರ ಕಡಲು, ನದಿಗಳ ನಡುವೆ ಚಾಚಿದ ಕೋಡಿ ಬೆಂಗ್ರೆಗೆ ಹಕ್ಕಿ ನೋಡಲು ಹೋಗುವವರು ಗಡಿಯಾರಕ್ಕಿಂತ ಮೊದಲು ಕಡಲಿನ ಇಳಿತ ನೋಡಬೇಕು. ಇದು ನನಗೆ ಮನಸ್ಸಿಗೆ ಹೊಕ್ಕಿದ್ದು ಮೂರನೇ ಸಲ ಹೋದಾಗ. ಮೊದಲೆರಡು ಸಲ ಕತ್ತಲಲ್ಲೇ ಎದ್ದು ಸೈಕಲ್ ಹತ್ತಿದ್ದೆ. ಹೋಗಿ ನೋಡಿದರೆ ಅಳಿವೆಯಲ್ಲಿ, ಅಂದರೆ ನದಿ ಕಡಲು ಸೇರುವಲ್ಲಿ, ನೀರು ತುಂಬಿ ನಿಂತಿತ್ತು. ಹಕ್ಕಿಗಳಿಗೆ ಕಾಲೂರಲು ಜಾಗವೇ ಇರಲಿಲ್ಲ. ದೂರದಲ್ಲಿ ನಾಲ್ಕು ಬೆಳ್ಳಕ್ಕಿ, ಅಷ್ಟೇ. ಈ ಜನವರಿಯಲ್ಲಿ ತಮ್ಮ ಜೊತೆಗಿದ್ದ. ಹಿಂದಿನ ರಾತ್ರಿ ಫೋನಿನಲ್ಲಿ ಮಲ್ಪೆಯ ಉಬ್ಬರ ಇಳಿತದ ಸಮಯ ನೋಡಿ, "ಅಕ್ಕ, ನಾಳೆ ಎಂಟು ಗಂಟೆಗೆ ನೀರು ಪೂರ್ತಿ ಇಳೀತದೆ, ನಾಳೆಯೇ ಹೋಗುವ" ಅಂದ. ಅವತ್ತು ಸಿಕ್ಕಿದ ಬೆಳಗು ಬೇರೆಯೇ.

ಲೆಕ್ಕ ಕಷ್ಟವಿಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಇವತ್ತಿನ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಅಂದರೆ ಈ ಭಾನುವಾರ ಬೆಳಿಗ್ಗೆ 7ಕ್ಕೆ ಇಳಿತ ಇದ್ದರೆ, ಮುಂದಿನ ಭಾನುವಾರ ಅದೇ ಹೊತ್ತಿಗೆ ಹೊಳೆ ತುಂಬಿರುತ್ತದೆ. ಬೆಳಿಗ್ಗೆ 7ರಿಂದ 9ರೊಳಗೆ ಇಳಿತ ಬರುವ ದಿನ ಆರಿಸಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರದ ದಿನಗಳಾದರೆ ನೀರು ಇನ್ನೂ ಕೆಳಗೆ ಹೋಗುತ್ತದೆ, ಕೆಸರು ದಿಬ್ಬಗಳು ಜಾಸ್ತಿ ಎದ್ದು ಕಾಣುತ್ತವೆ. ತಿಂಗಳು ಅಂತ ಕೇಳಿದರೆ ಡಿಸೆಂಬರ್‌ನಿಂದ ಫೆಬ್ರವರಿ. ವಲಸೆ ಹಕ್ಕಿಗಳು ಬಂದಿರುತ್ತವೆ, ಬೆಳಗಿನ ಹೊತ್ತು ಬೆವರೂ ಅಷ್ಟಿರುವುದಿಲ್ಲ.

ಹಾದಿ ಸುಲಭ. ಉಡುಪಿಯಿಂದ ಆದಿ ಉಡುಪಿ, ಕಲ್ಮಾಡಿ ದಾಟಿ ಮಲ್ಪೆ. ಅಲ್ಲಿಂದ ಬಲಕ್ಕೆ ತಿರುಗಿ ತೊಟ್ಟಂ, ಹೂಡೆ, ಕೊನೆಗೆ ಕೋಡಿ ಬೆಂಗ್ರೆ. ಹೋಗುವಾಗ ಹೆಚ್ಚುಕಡಿಮೆ 18 ಕಿಲೋಮೀಟರ್. ಬರುವಾಗ ಕೆಮ್ಮಣ್ಣು, ಸಂತೆಕಟ್ಟೆ ಮೇಲೆ ಬಂದರೆ ಒಂದೇ ದಾರಿಯನ್ನು ಎರಡು ಸಲ ತುಳಿಯುವುದು ತಪ್ಪುತ್ತದೆ. ಏರು ಅನ್ನುವುದೇ ಇಲ್ಲ, ಗೇರ್ ಇಲ್ಲದ ಸೈಕಲ್ಲೂ ಸಾಕು. ಮಂಗಳೂರಿನಿಂದ ಬರುವವರು ಸೈಕಲ್ಲನ್ನು ಕಾರಿನಲ್ಲಿ ಹಾಕಿಕೊಂಡು ಬಂದು ಮಲ್ಪೆಯಿಂದ ಶುರು ಮಾಡಬಹುದು. ಮಲ್ಪೆ ಪೇಟೆಯಲ್ಲಿ ಮಾತ್ರ ಜಾಗ್ರತೆ. ಬಂದರಿನಿಂದ ಬರುವ ಮೀನಿನ ಲಾರಿಗಳಿಂದ ನೀರು ಸುರಿದು ರಸ್ತೆ ಜಾರುತ್ತದೆ. ಬ್ರೇಕ್ ಗಟ್ಟಿಯಾಗಿ ಒತ್ತಬೇಡಿ.

ಎಷ್ಟು ಬೇಗ ಹೊರಡಬೇಕು? ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 7ರ ಆಸುಪಾಸು. ಅದೂ ತೆಂಗಿನ ಮರಗಳ ಹಿಂದಿನಿಂದ. ಮರಳಿನ ಮೇಲೆ ಬಿಸಿಲು ಬೀಳುವಾಗ ಏಳೂವರೆ ಆಗುತ್ತದೆ. ನಾವು ಉಡುಪಿ ಬಿಟ್ಟಿದ್ದು ಆರು ಕಾಲಿಗೆ. ಆಗ ಇನ್ನೂ ಕತ್ತಲು, ಹಿಂದೆ ಮುಂದೆ ಎರಡೂ ಕಡೆ ಲೈಟ್ ಇರಲೇಬೇಕು.

ಹೂಡೆ ದಾಟಿದ ಮೇಲೆ ನೆಲ ಕಿರಿದಾಗುತ್ತಾ ಹೋಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಸ್ವರ್ಣಾ ನದಿ, ನಡುವೆ ಒಂದು ರಸ್ತೆ, ಮನೆಗಳು, ತೆಂಗು. ಫೋಟೋ ತೆಗೆಯುವವರು ಇಲ್ಲೇ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಬೇಕು. ಎಲ್ಲರ ಕಣ್ಣು ಮೊದಲು ಹೋಗುವುದು ಹೊಳೆಯ ಕಡೆ, ಅಷ್ಟು ಚೆನ್ನಾಗಿರುತ್ತದೆ. ಆದರೆ ಬೆಳಿಗ್ಗೆ ಸೂರ್ಯ ಇರುವುದೂ ಆ ಕಡೆಯೇ. ಕ್ಯಾಮೆರಾ ಎತ್ತಿದರೆ ನೀರುಕಾಗೆಯೂ ಕಪ್ಪು, ಬೆಳ್ಳಕ್ಕಿಯೂ ಕಪ್ಪು. ಬೆಳಗಿನ ಕೆಲಸ ಕಡಲಿನ ಕಡೆ. ಸೂರ್ಯ ಬೆನ್ನಿಗೆ ಬರುತ್ತಾನೆ. ಇನ್ನೊಂದು ಅನುಕೂಲವೂ ಉಂಟು. ಚಳಿಗಾಲದ ಬೆಳಗಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಹಕ್ಕಿಗಳು ಗಾಳಿಗೆ ಮುಖ ಕೊಟ್ಟು ಕೂರುತ್ತವೆ, ಇಳಿಯುವುದೂ ಗಾಳಿಗೆ ಎದುರಾಗಿಯೇ. ಅಂದರೆ ನಿಮ್ಮ ಕಡೆಗೇ ಮುಖ, ಮುಖದ ಮೇಲೆ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗುತ್ತದೆ, ಆಮೇಲೆ ಸಿಗುವುದು ಬರೀ ಬೆನ್ನು.

ಹೂಡೆಯ ಆಚೆ ಕೈರಂಪಣಿ ಬಲೆ ಎಳೆಯುತ್ತಿದ್ದರು. ಬಲೆಯ ಎರಡೂ ತುದಿ ದಡದಲ್ಲಿ, ಎರಡು ಸಾಲು ಜನ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಎಳೆಯುವುದು. ಬಲೆ ಹತ್ತಿರ ಬಂದ ಹಾಗೆ ಬೆಳ್ಳಕ್ಕಿಗಳು ಸಾಲಾಗಿ ಬಂದು ನಿಂತವು. ಮೇಲೆ ಏಳೆಂಟು ಗರುಡ, ಕಂದು ಮೈ, ಬಿಳಿ ತಲೆ. ಒಂದು ಇಳಿದು ಕಾಲಿನಲ್ಲಿ ಬೂತಾಯಿ ಮೀನು ಹಿಡಿದು, ಹಾರುತ್ತಲೇ ಕೊಕ್ಕಿಗೆ ತಂದುಕೊಂಡು ತಿಂದಿತು. ನೆಲಕ್ಕೆ ಕೂರಲೇ ಇಲ್ಲ. ಬಲೆ ಎಳೆಯುವವರ ಫೋಟೋ ಬೇಕಿದ್ದರೆ ಕೇಳಿ ತೆಗೆಯಿರಿ. ನಾವು ಕೇಳಿದೆವು. "ನಮ್ಮದು ಎಂಥ ಫೋಟೋ ಮಾರಾಯ್ರೆ, ಮೀನಿಂದು ತೆಗೀರಿ" ಅಂದರು ಒಬ್ಬರು ಹಿರಿಯರು, ಆಮೇಲೆ ತಾವೇ ನಿಂತರು.

ಬೆಂಗ್ರೆಯ ತುದಿಗೆ ಬಂದಾಗ ಎಂಟಾಗಲು ಹತ್ತು ನಿಮಿಷ. ಸ್ವರ್ಣಾ, ಸೀತಾ ಎರಡೂ ನದಿಗಳು ಕಡಲು ಸೇರುವ ಜಾಗ ಇದು. ಎದುರು ದಡದಲ್ಲಿ ಹಂಗಾರಕಟ್ಟೆ. ನೀರು ಇಳಿದು ಉದ್ದಕ್ಕೆ ಮರಳ ದಿಬ್ಬ ಎದ್ದಿತ್ತು. ಅದರ ಮೇಲೆ ಕಡಲಕ್ಕಿಗಳು (ಗಲ್), ರೀವಗಳು (ಟರ್ನ್) ಒತ್ತೊತ್ತಾಗಿ ಕೂತಿದ್ದವು. ಕಂದು ತಲೆಯ ಕಡಲಕ್ಕಿಗೆ ಚಳಿಗಾಲದಲ್ಲಿ ತಲೆ ಕಂದು ಇರುವುದಿಲ್ಲ. ಪೂರ್ತಿ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ. ಪುಸ್ತಕದ ಚಿತ್ರ ನೋಡಿ ಹುಡುಕುವವರಿಗೆ ಇದು ಗೊತ್ತಿರಲಿ.

ನನಗೆ ಬೇಕಾಗಿದ್ದದ್ದು ಪುಟ್ಟ ಗೊರವಗಳು. ಸ್ಯಾಂಡ್ ಪ್ಲೋವರ್ ಅನ್ನುತ್ತಾರೆ. ಲಡಾಖ್, ಟಿಬೆಟ್ ಕಡೆ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಕಡಲಿಗೆ ಬರುವವು. ಹತ್ತಿರ ಹೋಗಲು ನೋಡಿದೆ, ಎಲ್ಲವೂ ಎದ್ದವು. "ಅಕ್ಕ, ಇನ್ನು ನಡೀಬೇಡ, ಸುಮ್ನೆ ಕೂತ್ಕೋ" ಅಂದ ತಮ್ಮ. ಒದ್ದೆ ಮರಳಿನ ಮೇಲೆ ಟವೆಲ್ ಹಾಕಿ ಕೂತೆವು. ಹತ್ತು ನಿಮಿಷಕ್ಕೆ ಒಂದೊಂದಾಗಿ ವಾಪಸ್ ಬಂದವು. ನಾಲ್ಕು ಹೆಜ್ಜೆ ಓಡುವುದು, ಗಕ್ಕನೆ ನಿಲ್ಲುವುದು, ನೆಲ ನೋಡುವುದು, ಮತ್ತೆ ಓಡುವುದು. ಒಂದು ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿ ಮರಳಿನಿಂದ ಹುಳ ಎಳೆಯತೊಡಗಿತು. ಹುಳ ಉದ್ದವಾಯಿತು, ಎಳೆದ ಹಗ್ಗದ ಹಾಗೆ ತೆಳ್ಳಗಾಯಿತು, ಹಕ್ಕಿ ಕಾಲು ಅಗಲಿಸಿ ಹಿಂದಕ್ಕೆ ಬಾಗಿತು. ಪಟಕ್ಕನೆ ಬಿಟ್ಟು ಬಂತು. ಅಷ್ಟು ಸಣ್ಣ ಹಕ್ಕಿ, ಅಷ್ಟು ದೂರದಿಂದ ಬಂದದ್ದು, ಇಲ್ಲಿ ಒಂದು ಹುಳಕ್ಕೆ ಇಷ್ಟು ಹೋರಾಡುತ್ತದೆ. ಅದಕ್ಕೇ ಹೇಳುವುದು, ಹಾರುವ ಫೋಟೋ ಬೇಕು ಅಂತ ಗುಂಪಿನ ಮೇಲೆ ಓಡಬೇಡಿ. ಎಬ್ಬಿಸಿದಷ್ಟೂ ಅವುಗಳ ಊಟದ ಹೊತ್ತು ಹೋಗುತ್ತದೆ. ನೀರು ಏರಿದರೆ ಆ ಊಟವೇ ಮುಚ್ಚಿಹೋಗುತ್ತದೆ ಅಲ್ವಾ?

ಕ್ಯಾಮೆರಾ ದೊಡ್ಡದೇ ಬೇಕು ಅಂತಿಲ್ಲ. ನನ್ನದು 70-300 ಲೆನ್ಸ್. ಹಾರುವ ಹಕ್ಕಿಗೆ ಶಟರ್ 1/1600ಕ್ಕಿಂತ ಕೆಳಗೆ ಇಳಿಸಲಿಲ್ಲ. ಬೆಳ್ಳಕ್ಕಿಯ ಹಿಂದೆ ಕಪ್ಪು ನೀರು ಇದ್ದರೆ ಬೆಳಕು ಸ್ವಲ್ಪ ಕಡಿಮೆ ಮಾಡಿ, ಇಲ್ಲದಿದ್ದರೆ ಗರಿಯ ಗೆರೆಗಳೆಲ್ಲ ಬಿಳಿಯಲ್ಲಿ ಮುಳುಗಿಹೋಗುತ್ತವೆ. ಕ್ಯಾಮೆರಾವನ್ನು ಬೆನ್ನಿನ ಚೀಲದಲ್ಲೇ ಇಡಿ. ಕ್ಯಾರಿಯರ್‌ಗೆ ಕಟ್ಟಿದರೆ ಪ್ರತಿ ಹೊಂಡದ ಪೆಟ್ಟೂ ನೇರ ಲೆನ್ಸಿಗೇ. ಮರಳಿನ ಮೇಲೆ ಲೆನ್ಸ್ ಬದಲಿಸಬೇಡಿ.

ಇಳಿತದಲ್ಲಿ ಒದ್ದೆ ಮರಳು ಗಟ್ಟಿಯಾಗಿ ರಸ್ತೆಯ ಹಾಗೇ ಕಾಣುತ್ತದೆ. ಸೈಕಲ್ ಇಳಿಸಬೇಡಿ. ಉಪ್ಪು ನೀರು ಚೈನನ್ನು ತಿನ್ನುತ್ತದೆ. ನಮ್ಮದು ಬೇರೆ ಕಡೆ ಕೆಟ್ಟಿತು. ಹೊಳೆ ಬದಿಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಮರುವಾಯಿ (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಿದ್ದರು, ನೋಡಲು ಓಣಿಗೆ ತಿರುಗಿಸಿದೆವು. ದಾರಿಯಲ್ಲಿ ಬಿದ್ದಿದ್ದ ಮರುವಾಯಿ ಚಿಪ್ಪು ತಮ್ಮನ ಹಿಂದಿನ ಚಕ್ರಕ್ಕೆ ಹೊಕ್ಕಿತು. ಅಷ್ಟು ಬೆಳಿಗ್ಗೆ ಪಂಕ್ಚರ್ ಅಂಗಡಿ ಎಲ್ಲಿ? ಚೀಲದಲ್ಲಿ ಒಂದು ಟ್ಯೂಬ್, ಟೈರ್ ಬಿಚ್ಚುವ ಎರಡು ಲಿವರ್, ಸಣ್ಣ ಪಂಪ್ ಇದ್ದುದರಿಂದ ಅರ್ಧ ಗಂಟೆಯಲ್ಲಿ ಮುಗಿಯಿತು. ಇವು ಮೂರೂ ಇಲ್ಲದೆ ಈ ಹಾದಿಗೆ ಹೋಗಬೇಡಿ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಚೂರು ತೆಗೆಯಿರಿ. ನಮಗೆ ಎರಡು ಚೂರು ಸಿಕ್ಕವು.

ಕುಡಿಯುವ ನೀರು ತಲಾ ಎರಡು ಲೀಟರ್ ಇರಲಿ. ಬೆಂಗ್ರೆಯಲ್ಲಿ ತಿಂಡಿ ನಂಬಿಕೊಂಡು ಹೋಗುವುದಕ್ಕಿಂತ ಎರಡು ಬಾಳೆಹಣ್ಣು ಇಟ್ಟುಕೊಂಡು, ಹೊಟ್ಟೆ ತುಂಬ ತಿನ್ನುವುದನ್ನು ಸಂತೆಕಟ್ಟೆಗೆ ಇಡಿ. ನಾವು ತಿಂದದ್ದು ಸಜ್ಜಿಗೆ ಬಜಿಲ್ (ಉಪ್ಪಿಟ್ಟು, ಅವಲಕ್ಕಿ), ಮೇಲೆ ಒಂದೊಂದು ಬನ್ಸ್.

ಅದಕ್ಕೂ ಮೊದಲು ಕೆಮ್ಮಣ್ಣಿನ ತೂಗುಸೇತುವೆ. ಹೊಳೆ ನಡುವಿನ ದ್ವೀಪ ತಿಮ್ಮಣ್ಣ ಕುದ್ರುವಿಗೆ ಹೋಗುವ ಸೇತುವೆ ಅದು, ಅಲ್ಲಿಯವರ ದಿನದ ಓಡಾಟದ ದಾರಿ. ಸೈಕಲ್ ಕೆಳಗೇ ಬಿಟ್ಟು ನಡೆಯಿರಿ, ನಡುವೆ ನಿಂತು ದಾರಿ ತಡೆಯಬೇಡಿ. ಒಬ್ಬರು ನಡೆದರೂ ಸೇತುವೆ ಅಲುಗುತ್ತದೆ, ಫೋಟೋ ಕದಲುತ್ತದೆ. ಅವರು ದಾಟುವವರೆಗೆ ಕಾಯಿರಿ. ನಾವು ಹೋದಾಗ ಒಂಬತ್ತೂವರೆ. ಬಿಸಿಲು ಮೇಲೆ ಬಂದಿತ್ತು, ಹೊಳೆ ಹಸಿರಾಗಿತ್ತು. ಕೆಳಗೆ ನೀರಿನಲ್ಲಿ ನೆಟ್ಟ ಕಂಬದ ಮೇಲೆ ಬಿಳಿ ಎದೆಯ ಮಿಂಚುಳ್ಳಿ. ಮೇಲಿನಿಂದ ನೋಡಿದಾಗ ಅದರ ಬೆನ್ನಿನ ನೀಲಿ ಪೂರ್ತಿ ಕಾಣುತ್ತದೆ, ದಡದಿಂದ ಎಂದೂ ಹಾಗೆ ಕಂಡಿರಲಿಲ್ಲ. ಸೇತುವೆ ನಿಲ್ಲಲಿ ಅಂತ ಉಸಿರು ಹಿಡಿದೆ. ಅಷ್ಟರಲ್ಲಿ ಹಾಲಿನ ಕ್ಯಾನ್ ಹಿಡಿದ ಅಮ್ಮ ಒಬ್ಬರು ಆಚೆ ತುದಿಯಿಂದ ಬರತೊಡಗಿದರು. ಕ್ಯಾಮೆರಾ ಇಳಿಸಿ ಬದಿಗೆ ಸರಿದೆ. ಅವರು ದಾಟಿ ಹೋದ ಮೇಲೂ ಮಿಂಚುಳ್ಳಿ ಅಲ್ಲೇ ಇತ್ತು.