ಭಾನುವಾರದ ಬರೆಯೋ ಗುಂಪು

ಹಾಸನದಲ್ಲಿ ಬಿ.ಎಂ. ರೋಡ್ ಹತ್ರ ಒಬ್ಬರ ಮನೆ ಮಹಡಿ ಮೇಲೆ ನಡೆಯೋ ಕಥೆ ಬರೆಯೋ ವರ್ಕ್‌ಶಾಪ್‌ಗೆ ಸೇರ್ಕೊಂಡಿದೀನಿ, ಎಂಟೇ ಜನ, ರಿಟೈರ್ಡ್ ಮೇಷ್ಟ್ರು, ಪಿಯುಸಿ ಹುಡುಗಿ, ಪತ್ರಿಕೇಲಿ ಆಗ್ಲೇ ಕಥೆ ಬಂದಿರೋರೂ ಇದಾರೆ, ಹಾಲಿನ ಲೆಕ್ಕ ಬಿಟ್ರೆ ಏನೂ ಬರೀದೆ ಇರೋರೂ ಇದಾರೆ. 2025ರಲ್ಲಿ ನಮ್ಮೂರ ಬಾನು ಮುಷ್ತಾಕ್ ಅವ್ರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ್ಮೇಲೆ ಇಲ್ಲಿ ಎಲ್ರಿಗೂ ಬರೆಯೋ ಹುಕಿ ಹತ್ತಿದೆ ಅಂತ ನನ್ ಗುಮಾನಿ, ನಾನೂ ಸೇರಿ.

ರೂಲ್ ಒಂದೇ. ಒಬ್ರು ಓದಿದ್ಮೇಲೆ ಉಳಿದೋರು ಮಾತಾಡ್ಬೇಕು, ಬರೆದೋರು ಬಾಯಿ ಬಿಡಂಗಿಲ್ಲ, ಅಲ್ಲ ಸಾರ್ ನಾನ್ ಹೇಳಿದ್ದು ಹಂಗಲ್ಲ ಅಂತ ಸಮಜಾಯಿಷಿ ಕೊಡಂಗೇ ಇಲ್ಲ. ಮೊನ್ನೆ ಆ ಹುಡುಗಿ ಅಜ್ಜಿ ಬಗ್ಗೆ ಓದಿದ್ಲು, ಅಜ್ಜಿ ಬಸ್ಸಲ್ಲಿ ಕೊಟ್ಟ ಜೀರೋ ಟಿಕೆಟ್ಟನ್ನ ನಾಲ್ಕು ಮಡಿಕೆ ಮಾಡಿ ಬಳೆ ಸಂದಿಗೆ ಸಿಗಿಸ್ಕೊಳ್ಳೋದು, ಅಷ್ಟೇ ಬರೆದಿದ್ದು, ಪ್ರೀತಿ ಮಮತೆ ತ್ಯಾಗ ಒಂದು ಪದಾನೂ ಇಲ್ಲ. ಮೇಷ್ಟ್ರು ಕನ್ನಡಕ ಒರೆಸ್ಕೊಂಡು, ನಂದು ಇನ್ನೊಂದ್ ವಾರ ಇರ್ಲಿ ಕಣಮ್ಮ, ಮತ್ತೆ ಬರೀತೀನಿ ಅಂದ್ರು. ಇಂಥ ಕಡೆ ಸೀನಿಯರ್ ಯಾರು ಹೊಸಬ್ರು ಯಾರು ಅನ್ನೋ ಲೆಕ್ಕ ಅರ್ಧ ಗಂಟೇಲಿ ತಲೆಕೆಳಗಾಗುತ್ತೆ ನೋಡಿ.

ಇನ್ನೂ ಒಂದಿಬ್ರಿಗೆ ಜಾಗ ಇದೆಯಂತೆ, ಹಾಸನದೋರು ಯಾರಾದ್ರೂ ಬರೋದಿದ್ರೆ ಹೇಳಿ, ಕಾಫಿ ಚೆನ್ನಾಗಿರುತ್ತೆ.