ಸೊನ್ನೆಯ ಕೆಳಗಿನ ಸಾಲು

ಮುಂಬಯಿಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಇವತ್ತು ಕೂರಲು ಜಾಗ ಸಿಕ್ಕಿತು. ಅದೇ ಒಂದು ಸುದ್ದಿ.

ಪಕ್ಕದಲ್ಲಿ ನಮ್ಮ ಬಿಲ್ಡಿಂಗಿನ ಶೆಟ್ರು. ಜೇಬಿನಿಂದ ಮಡಚಿದ ರಸೀದಿ ತೆಗೆದು, "ಇದನ್ನೊಮ್ಮೆ ನೋಡಿ ಮಾರಾಯ್ರೆ" ಅಂದರು.

ಮಗಳ ಇಂಜಿನಿಯರಿಂಗ್ ಕಾಲೇಜಿನದ್ದು. ಟ್ಯೂಷನ್ ಫೀ ಎದುರು ಸೊನ್ನೆ. ಅದರ ಕೆಳಗೆ ಡೆವಲಪ್‌ಮೆಂಟ್ ಫೀ. ಅದು ಸೊನ್ನೆಯಲ್ಲ. ಬಾಲ್‌ಪೆನ್ನಿನಲ್ಲಿ ಎರಡು ಸಲ ಸುತ್ತು ಹಾಕಿದ್ದರು, ಕಾಗದ ಹರಿಯುವಷ್ಟು ಒತ್ತಿ.

2024ರಿಂದ ಮಹಾರಾಷ್ಟ್ರದಲ್ಲಿ ವರ್ಷಕ್ಕೆ 8 ಲಕ್ಷದೊಳಗೆ ಆದಾಯವಿರುವ ಒಬಿಸಿ, ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದ) ಮನೆಯ ಹುಡುಗಿಯರಿಗೆ ವೃತ್ತಿಪರ ಕೋರ್ಸಿನ ಟ್ಯೂಷನ್ ಫೀ, ಪರೀಕ್ಷಾ ಫೀ ಪೂರ್ತಿ ಮಾಫಿ. ಮ್ಯಾನೇಜ್‌ಮೆಂಟ್ ಸೀಟಿಗೆ ಇಲ್ಲ. ಒಳ್ಳೆಯ ಕೆಲಸವೇ, ಸುಮ್ನೆ ಬೈಯಬಾರದು. ಆದರೆ "ಮಗಳಿಗೆ ಫ್ರೀ" ಅಂತ ಊರಿಗೆಲ್ಲ ಫೋನ್ ಮಾಡಿದ ಅಪ್ಪನಿಗೆ ಆ ಎರಡನೇ ಸಾಲು ಹೇಗೆ ಕಂಡಿರಬೇಕು, ಅಲ್ವಾ?

"ನಾನು ಕಲಿತದ್ದು ಇಲ್ಲೇ ಮುಂಬಯಿ ಕೋಟೆಯ, ಅಂದ್ರೆ ಫೋರ್ಟಿನ, ಕನ್ನಡ ರಾತ್ರಿ ಶಾಲೆಯಲ್ಲಿ. ಹಗಲು ಟೇಬಲ್ ಒರೆಸೋದು, ರಾತ್ರಿ ಪಾಠ. ಫೀ ಎಷ್ಟಿತ್ತೋ ನೆನಪೇ ಇಲ್ಲ. ಹೋಟೆಲ್ ಧಣಿಗಳೇ ಕಟ್ಟಿರಬೇಕು" ಅಂದರು ಶೆಟ್ರು.

ಕಂತಿನಲ್ಲಿ ಕಟ್ಟಬಹುದಾ ಕೇಳಿ ನೋಡಿ ಅಂದೆ. ಬೇರೇನು ಹೇಳಲಿ?

ಕುರ್ಲಾ ದಾಟಿತ್ತು. ಶೆಟ್ರು ರಸೀದಿಯನ್ನು ಅದೇ ಮಡಿಕೆಯಲ್ಲಿ ಮಡಚಿ, ರೈಲ್ವೆ ಪಾಸಿನ ಹಿಂದೆ ಇಟ್ಟುಕೊಂಡರು.